ಗೋಧಿ ಬಿಡುವ ಮೊದಲು

"ಚಪಾತಿ ತಿಂದ್ರ ಹೊಟ್ಟಿ ಉಬ್ಬತೈತ್ರಿ. ಗೋಧಿ ಬಿಟ್ಟೀನಿ, ಈಗ ಆರಾಮ ಅದೀನಿ."

ಹೀಗೆ ಹೇಳುವವರನ್ನು ನೀವು ನೋಡಿರಬಹುದು. ನಿಮಗೂ ಹಾಗೆ ಆಗಿರಬಹುದು. "ಅದೆಲ್ಲಾ ಬರೀ ಭ್ರಮೆ" ಎಂದು ಕೆಲವರು ನಗುತ್ತಾರೆ. "ಗೋಧಿಯೊಳಗ ಗ್ಲೂಟೆನ್ ಐತಿ, ಅದು ಎಲ್ಲಾರಿಗೂ ವಿಷ" ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಯಾರ ಮಾತು ನಿಜ? ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬನ್ನಿ, ತಿಳಿಯೋಣ.

ಗ್ಲೂಟೆನ್ ಎಂದರೇನು?

ಗೋಧಿ ಹಿಟ್ಟನ್ನು ನಾದಿ ಒಂದು ಉಂಡೆ ಮಾಡಿರಿ. ಅದನ್ನು ನೀರಿನಲ್ಲಿ ಹಿಚುಕುತ್ತಾ ತೊಳೆಯಿರಿ. ಹಾಲಿನಂಥ ಬಿಳಿ ನೀರು ಹೋಗುತ್ತದೆ. ಕೈಯಲ್ಲಿ ರಬ್ಬರಿನಂಥ ಅಂಟು ಉಳಿಯುತ್ತದೆ. ಆ ಅಂಟೇ ಗ್ಲೂಟೆನ್. ಅದು ಒಂದು ಬಗೆಯ ಪ್ರೋಟೀನು. ಅದು ಇರುವುದರಿಂದಲೇ ಚಪಾತಿಯನ್ನು ತೆಳ್ಳಗೆ ಲಟ್ಟಿಸಲು ಬರುತ್ತದೆ.

ಜೋಳದ ಹಿಟ್ಟಿನಲ್ಲಿ ಗ್ಲೂಟೆನ್ ಇಲ್ಲ. ಅದಕ್ಕೇ ಜೋಳದ ರೊಟ್ಟಿಯನ್ನು ಕೈಯಿಂದ ತಟ್ಟುತ್ತೇವೆ. ಸಜ್ಜೆ, ರಾಗಿ, ಅಕ್ಕಿ, ಗೋವಿನಜೋಳದಲ್ಲೂ ಅದು ಇಲ್ಲ. ಮೈದಾ, ಗೋಧಿ ರವಾ, ಗೋಧಿ ಶಾವಿಗೆ, ಬ್ರೆಡ್‌ಗಳಲ್ಲಿ ಇದೆ. ಜವೆಗೋಧಿಯಲ್ಲೂ ಇದೆ.

ಗ್ಲೂಟೆನ್ ಯಾರಿಗೆ ಕೆಡುಕು?

ಸೀಲಿಯಾಕ್ ಎಂಬ ಒಂದು ರೋಗವಿದೆ. ಈ ರೋಗ ಇದ್ದವರ ದೇಹ ಗ್ಲೂಟೆನ್ನನ್ನು ವೈರಿ ಎಂದು ತಿಳಿದು ಹೋರಾಡುತ್ತದೆ. ಆ ಹೋರಾಟದಲ್ಲಿ ಸಣ್ಣ ಕರುಳಿನ ಒಳಪದರವೇ ಹಾಳಾಗುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಭೇದಿ ಆಗಬಹುದು. ಮೈಯಲ್ಲಿ ರಕ್ತ ಕಡಿಮೆ ಆಗಬಹುದು. ಮಕ್ಕಳು ಸರಿಯಾಗಿ ಬೆಳೆಯದೇ ಇರಬಹುದು. ಉತ್ತರ ಭಾರತದಲ್ಲಿ ಸುಮಾರು 100 ಜನರಲ್ಲಿ ಒಬ್ಬರಿಗೆ ಈ ರೋಗವಿದೆ. ದಕ್ಷಿಣದಲ್ಲಿ ಇದಕ್ಕಿಂತ ಬಹಳ ಕಡಿಮೆ. ರೋಗ ಇದ್ದವರು ಜೀವನಪೂರ್ತಿ ಗೋಧಿ ಬಿಡಲೇಬೇಕು.

ಆದರೆ ಈ ರೋಗ ಇಲ್ಲದ ಕೆಲವರಿಗೂ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೂ ಗ್ಲೂಟೆನ್ನೇ ಕಾರಣವೇ?

ಗೊತ್ತಾಗದಂತೆ ತಿನ್ನಿಸಿದರು

ಆಸ್ಟ್ರೇಲಿಯಾ ದೇಶದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 34 ಜನರಿಗೆ ದಿನಾ ಬ್ರೆಡ್ ಮತ್ತು ಕೇಕಿನಂಥ ತಿಂಡಿ ಕೊಟ್ಟರು. 19 ಜನರ ತಿಂಡಿಯಲ್ಲಿ ಗ್ಲೂಟೆನ್ ಇತ್ತು. 15 ಜನರ ತಿಂಡಿಯಲ್ಲಿ ಇರಲಿಲ್ಲ. ಯಾರ ತಿಂಡಿಯಲ್ಲಿ ಏನಿದೆ ಎಂದು ತಿನ್ನುವವರಿಗೆ ಗೊತ್ತಿಲ್ಲ. ಕೊಡುವವರಿಗೂ ಗೊತ್ತಿಲ್ಲ. ಏಕೆ ಹೀಗೆ? "ಇದರಲ್ಲಿ ಗೋಧಿ ಇದೆ" ಎಂದು ಗೊತ್ತಾದರೆ ಹೆದರಿಕೆಯಿಂದಲೇ ಹೊಟ್ಟೆ ನೋಯಬಹುದು.

ಗ್ಲೂಟೆನ್ ತಿಂದ 19 ಜನರಲ್ಲಿ 13 ಜನರಿಗೆ ತೊಂದರೆ ಆಯಿತು. ಗ್ಲೂಟೆನ್ ತಿನ್ನದ 15 ಜನರಲ್ಲೂ 6 ಜನರಿಗೆ ತೊಂದರೆ ಆಯಿತು. ಇದು 2011ರಲ್ಲಿ ಪ್ರಕಟವಾಯಿತು. ಗ್ಲೂಟೆನ್ನೇ ಕಾರಣ ಎಂದು ಆಗ ಬಹಳ ಜನ ತಿಳಿದರು.

ಅದೇ ವಿಶ್ವವಿದ್ಯಾಲಯದವರು ಅಷ್ಟಕ್ಕೇ ಬಿಡಲಿಲ್ಲ. ಮತ್ತೆ 37 ಜನರನ್ನು ಪರೀಕ್ಷಿಸಿದರು. ಈ ಸಲ ಹೊಟ್ಟೆಯಲ್ಲಿ ಗಾಳಿ ತುಂಬಿಸುವ ಬೇರೆ ಪದಾರ್ಥಗಳನ್ನು ಮೊದಲೇ ಕಡಿಮೆ ಮಾಡಿದರು. ಅಷ್ಟರಿಂದಲೇ ಎಲ್ಲರಿಗೂ ಆರಾಮ ಆಯಿತು! ಆಮೇಲೆ ಗ್ಲೂಟೆನ್ ಕೊಟ್ಟರು. ಗ್ಲೂಟೆನ್ನಿಂದಲೇ ತೊಂದರೆ ಆಯಿತು ಎಂದು ಕಂಡದ್ದು 100ಕ್ಕೆ 8 ಜನರಲ್ಲಿ ಮಾತ್ರ. ಇದು 2013ರಲ್ಲಿ ಪ್ರಕಟವಾಯಿತು.

ಹಾಗಾದರೆ ಕಾರಣ ಯಾವುದು?

ಗೋಧಿಯಲ್ಲಿ ಫ್ರಕ್ಟಾನ್ ಎಂಬ ಇನ್ನೊಂದು ಪದಾರ್ಥವಿದೆ. ಅದು ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಮುಂದೆ ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿಯುತ್ತದೆ. ಆಗ ಗಾಳಿ ಹುಟ್ಟುತ್ತದೆ.

ನಾರ್ವೆ ದೇಶದ ಓಸ್ಲೋ ನಗರದಲ್ಲಿ 59 ಜನರಿಗೆ ಮೂರು ಬಗೆಯ ತಿಂಡಿಯನ್ನು ಗೊತ್ತಾಗದಂತೆ ಕೊಟ್ಟರು. ಒಂದು ವಾರ ಗ್ಲೂಟೆನ್ ಇದ್ದದ್ದು, ಒಂದು ವಾರ ಫ್ರಕ್ಟಾನ್ ಇದ್ದದ್ದು, ಒಂದು ವಾರ ಎರಡೂ ಇಲ್ಲದ್ದು. ಯಾವ ವಾರ ಹೆಚ್ಚು ತೊಂದರೆ ಆಯಿತು?

ಫ್ರಕ್ಟಾನ್ ವಾರ: 24 ಜನರಿಗೆ
ಎರಡೂ ಇಲ್ಲದ ವಾರ: 22 ಜನರಿಗೆ
ಗ್ಲೂಟೆನ್ ವಾರ: 13 ಜನರಿಗೆ

ಇದು 2018ರಲ್ಲಿ ಪ್ರಕಟವಾಯಿತು. ಇದರಿಂದ ಏನು ತಿಳಿಯಿತು? ಹೊಟ್ಟೆನೋವು ಸುಳ್ಳಲ್ಲ. ಆದರೆ ಬಹಳ ಜನರಲ್ಲಿ ಅದಕ್ಕೆ ಗ್ಲೂಟೆನ್ ಕಾರಣವಲ್ಲ. ಕೆಲವರಿಗೆ ಫ್ರಕ್ಟಾನ್ ಕಾರಣ. ಕೆಲವರಿಗೆ ಹೆದರಿಕೆಯೂ ಕಾರಣ. ಗ್ಲೂಟೆನ್ನೇ ಕಾರಣ ಆಗಿರುವವರು ಸ್ವಲ್ಪ ಜನ ಇರಬಹುದು. ಅವರನ್ನು ಗುರುತಿಸಲು ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ.

ಫ್ರಕ್ಟಾನ್ ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೂ ಇದೆ. ಚಪಾತಿ ಬಿಟ್ಟು, ಜೋಳದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು ತಿಂದರೆ ಹೊಟ್ಟೆ ಮತ್ತೆ ಉಬ್ಬಬಹುದು.

ನೀವು ಏನು ಮಾಡಬೇಕು?

1. ಮೊದಲು ಡಾಕ್ಟರ ಹತ್ತಿರ ಹೋಗಿರಿ. ಸೀಲಿಯಾಕ್ ಇದೆಯೇ ಎಂದು ಕೇಳಿರಿ. ಅದಕ್ಕೆ ಟಿ.ಟಿ.ಜಿ. ಎಂಬ ರಕ್ತ ಪರೀಕ್ಷೆ ಇದೆ. ಮರಾಠಿ ಮಾತಾಡುವ ಡಾಕ್ಟರು 'ಗಹೂ' ಎಂದರೆ ಗೋಧಿಯೇ.

2. ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿರಿ. ಬಿಟ್ಟರೆ ರೋಗ ಇದ್ದರೂ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ಆಗ ರೋಗ ಒಳಗೇ ಉಳಿಯುತ್ತದೆ.

3. ರೋಗ ಇಲ್ಲ ಎಂದಾದರೆ, ಡಾಕ್ಟರನ್ನು ಕೇಳಿ ಗೋಧಿ, ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ಕೆಲವು ವಾರ ಕಡಿಮೆ ಮಾಡಿರಿ. ಆಮೇಲೆ ಒಂದೊಂದಾಗಿ ಮತ್ತೆ ತಿಂದು ನೋಡಿರಿ.

4. ಒಂದು ವಹಿ ಇಡಿರಿ. ಏನು ಉಂಡಿರಿ, ಹೊಟ್ಟೆ ಹೇಗಿತ್ತು ಎಂದು ದಿನಾ ಬರೆಯಿರಿ. ನೀವು ಈಗ ಬರೆಯಲು ಕಲಿತಿದ್ದೀರಿ. ಆ ವಹಿಯನ್ನು ಡಾಕ್ಟರಿಗೆ ತೋರಿಸಿರಿ.

ಉತ್ತರ ಬರೆಯಿರಿ

1. ಗ್ಲೂಟೆನ್ ಇಲ್ಲದ ಮೂರು ಧಾನ್ಯಗಳ ಹೆಸರು ಬರೆಯಿರಿ.
2. ತಿಂಡಿಯನ್ನು ಗೊತ್ತಾಗದಂತೆ ಏಕೆ ಕೊಟ್ಟರು?
3. ರಕ್ತ ಪರೀಕ್ಷೆಗೆ ಮೊದಲು ಗೋಧಿ ಏಕೆ ಬಿಡಬಾರದು?
4. ನಿನ್ನೆ ನೀವು ಉಂಡದ್ದನ್ನು ಮೂರು ಸಾಲಿನಲ್ಲಿ ಬರೆಯಿರಿ.