ಮೊದಲು ನೀರು, ಆಮೇಲೆ ಮರ

ಕಾರವಾರದ ಕಡೆಯಿಂದ ಗೋವಾಕ್ಕೆ ಮರಗೆಲಸಕ್ಕೆ ಹೋಗುವವರಲ್ಲಿ ನಾನೂ ಒಬ್ಬ. ವಿಹಾರದ ಹಳೆ ಹಾಯಿದೋಣಿಗಳ ಒಳಭಾಗ ಸರಿಮಾಡುವುದು ಕಸುಬು. 1970ರ ದಶಕದಲ್ಲಿ ತೈವಾನಿನಲ್ಲಿ ಕಟ್ಟಿದ ದೋಣಿಗಳೆಂದರೆ ನನಗೆ ಒಂದು ಕೈ ಹೆಚ್ಚು ಪ್ರೀತಿ: ಹೊರಮೈ ಫೈಬರ್‌ಗ್ಲಾಸ್, ಒಳಗೆ ಕಣ್ಣು ಹಾಯಿಸಿದಲ್ಲೆಲ್ಲ ಸಾಗುವಾನಿ.

1. ಸೋರಿಕೆ ಸಿಗುವವರೆಗೆ ಉಳಿ ಹೊರತೆಗೆಯಬೇಡಿ. ಕ್ಯಾಬಿನ್ನಿನ ಮರವನ್ನು ಕೊಳೆಸುವುದು ಹೆಚ್ಚಾಗಿ ಸಮುದ್ರವಲ್ಲ, ಮಳೆ. ಉಪ್ಪುನೀರಿನಲ್ಲಿ ಶಿಲೀಂಧ್ರ ಅಷ್ಟಾಗಿ ಬೆಳೆಯದು, ಸಿಹಿನೀರು ಅದಕ್ಕೆ ಹಬ್ಬ. ಕಿಟಕಿಯ ಚೌಕಟ್ಟು, ಡೆಕ್ಕಿಗೆ ಬಿಗಿದ ಬೋಲ್ಟು, ಹಾಯಿಕಂಬದ ತಂತಿ ಹಿಡಿದಿಡುವ ಉಕ್ಕಿನ ಪಟ್ಟಿ, ಇವುಗಳ ಸುತ್ತ ಮೊದಲು ನೋಡಿ. ಹೊಕ್ಕ ಕಡೆಯೇ ನೀರು ತೊಟ್ಟಿಕ್ಕುವುದಿಲ್ಲ. ಚಾವಣಿ ಹಲಗೆಯ ಹಿಂದೆ ಹರಿದು ಎರಡು ಮೊಳ ಆಚೆ ಮುಖ ತೋರಿಸುತ್ತದೆ. ಅನುಮಾನದ ಜಾಗಕ್ಕೆ ಒಳಗಿನಿಂದ ಸೀಮೆಸುಣ್ಣ ಬಳಿದು, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಜಾಗ. ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಕಳ್ಳ ಯಾರೆಂದು ತಿಳಿಯುವುದಿಲ್ಲ. ಇದಕ್ಕೆ ದಿನಗಟ್ಟಲೆ ಹಿಡಿದರೆ ಮಾಲೀಕರು ಗೊಣಗುತ್ತಾರೆ. ಗೊಣಗಲಿ.

2. ರಸಮಟ್ಟ ಮನೆಯಲ್ಲೇ ಇರಲಿ. ತೇಲುವ ದೋಣಿಯಲ್ಲಿ ಅದರ ಗುಳ್ಳೆ ನಿಲ್ಲದು. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಹೊಂದಿಸಿಕೊಳ್ಳಿ.

3. ಸ್ಕ್ರೂ ತಲೆ ಮುಚ್ಚಿದ ಮರದ ಬಿರಡೆಯನ್ನು ಉಳಿಯಿಂದ ಎಬ್ಬಿದರೆ ಸುತ್ತಲಿನ ಅಂಚು ಸಿಬರೇಳುತ್ತದೆ. ಬಿರಡೆಯ ನಡುವೆ ಸಣ್ಣ ತೂತು ಕೊರೆದು ಇನ್ನೊಂದು ಸ್ಕ್ರೂ ತಿರುಗಿಸುತ್ತ ಹೋಗಿ. ಮೊನೆ ಕೆಳಗಿನ ಸ್ಕ್ರೂ ತಲೆಗೆ ತಾಗಿದ ಮೇಲೆ ಬಿರಡೆ ತಾನಾಗಿ ಮೇಲೆ ಬರುತ್ತದೆ. ಹೊಸದನ್ನು ಕೂರಿಸುವಾಗ ಎಳೆಗೆ ಎಳೆ ಹೊಂದಲಿ. ಎಪಾಕ್ಸಿ ಬೇಡ, ವಾರ್ನಿಶ್ ಅದ್ದಿ ಕೂರಿಸಿದರೆ ಸಾಕು. ಮುಂದೆ ಅದನ್ನು ತೆಗೆಯಬೇಕಾದ ಬಡಗಿ ನಿಮ್ಮನ್ನು ಬಯ್ಯಬಾರದಲ್ಲ.

4. ಗೋಡೆಗಳಲ್ಲಿ ಕಾಣುವ ಸಾಗುವಾನಿ ಬಹುಪಾಲು ಪ್ಲೈವುಡ್ಡಿನ ಮೇಲಿನ ವಿನಿಯರ್. ದಪ್ಪ 1 ಮಿಲಿಮೀಟರ್ ಕೂಡ ಇರದು. ಸ್ಯಾಂಡಿಂಗ್ ಯಂತ್ರ ಒಂದು ಕ್ಷಣ ಹೆಚ್ಚು ನಿಂತರೆ ಕೆಳಗಿನ ಪದರ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ. ಹೀಟ್‌ಗನ್ನಿನಿಂದ ಹಳೆ ವಾರ್ನಿಶ್ ಮೆತ್ತಗಾಗಿಸಿ ಸ್ಕ್ರೇಪರಿನಲ್ಲಿ ಎಳೆಯಿರಿ. ಬಿಸಿಯನ್ನು ಒಂದೇ ಕಡೆ ಹಿಡಿದರೆ ವಿನಿಯರ್ ಉಬ್ಬುತ್ತದೆ, ಕೈ ಆಡುತ್ತಿರಲಿ. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ಮಾತ್ರ ಎಪಾಕ್ಸಿ ಕುಡಿಸಿ, ನೀರು ಹೀರುವುದು ಅಲ್ಲಿಂದಲೇ.

5. ಸ್ಕ್ರೂಗಳ ಸುತ್ತಲಿನ ಕಪ್ಪು ಕಲೆ ಕೊಳೆತವಲ್ಲದೆಯೂ ಇರಬಹುದು. ಕಬ್ಬಿಣ, ನೀರು ಮತ್ತು ಮರದೊಳಗಿನ ಟ್ಯಾನಿನ್ ಸೇರಿದರೆ ಮಸಿಯಂಥ ಬಣ್ಣ ಬರುತ್ತದೆ. ಮೊನೆಯಿಂದ ಚುಚ್ಚಿ ನೋಡಿ. ಮರ ಗಟ್ಟಿಯಿದ್ದರೆ ವಾರ್ನಿಶ್ ಪೂರ್ತಿ ತೆಗೆದು ಆಕ್ಸಾಲಿಕ್ ಆಮ್ಲದ ದ್ರಾವಣ ಹಚ್ಚಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಅದು ವಿಷ, ಕೈಗವಸು ಬೇಕೇ ಬೇಕು.

6. ಸಾಗುವಾನಿಯ ಮೈಯಲ್ಲಿ ಎಣ್ಣೆಯಿದೆ. ಅಂಟು ಹಚ್ಚುವ ಮುನ್ನ ಅಸಿಟೋನಿನಿಂದ ಒರೆಸಿ, ಆರಿದ ಕೂಡಲೇ ಜೋಡಿಸಿ. ನಾಳೆಗಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

7. ಮಾಲೀಕರು ಕನ್ನಡಿಯಂಥ ಹೊಳಪು ಕೇಳುತ್ತಾರೆ. ಇಕ್ಕಟ್ಟಾದ ಕ್ಯಾಬಿನ್ನಿನಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ, ಪ್ರತಿ ಗೀರನ್ನೂ ಎತ್ತಿ ತೋರಿಸುತ್ತದೆ. ಮಂದ ಹೊಳಪೇ ಚಂದ. ಜೂನ್ ಹಿಡಿದ ಮೇಲೆ ನಾನು ವಾರ್ನಿಶ್ ಡಬ್ಬಿ ತೆರೆಯುವುದಿಲ್ಲ. ಆ ತೇವದಲ್ಲಿ ಅರಗಿನ ಪಾಲಿಶ್ ಅಂತೂ ಬಿಳಿಚಿಕೊಳ್ಳುತ್ತದೆ. ಕಪಾಟಿನ ಬಾಗಿಲು, ಡ್ರಾಯರುಗಳನ್ನು ನಂಬರು ಬರೆದು ಮನೆಗೆ ತಂದು, ಮಳೆ ಮುಗಿಯುವವರೆಗೆ ಕೀಲು ಬಿಗಿಯುವ ಕೆಲಸ ಮಾಡುತ್ತೇನೆ.