ಒಣಮಣ್ಣಿನ ಲೆಕ್ಕಪುಸ್ತಕ

ಬೇಸಿಗೆ ರಜೆಯಲ್ಲಿ ಪಾರ್ವತಿನಗರದಿಂದ ಸಿರುಗುಪ್ಪದ ಹತ್ತಿರ ಇರುವ ಮಾಮು ಊರಿಗೆ ಹೋಗಿದ್ದೆ. ಕಾಲುವೆ ನೀರು ನಿಂತು ಭತ್ತದ ಗದ್ದೆಯ ಕರಿಮಣ್ಣು ಬಿರುಕು ಬಿಟ್ಟಿತ್ತು. ನೀರು ಬಿಟ್ಟ ಕೆಲವೇ ದಿನಗಳಲ್ಲಿ ಇಲ್ಲಿ ಸಣ್ಣ ಸಣ್ಣ ಹುಳುಗಳು ಈಜಾಡುತ್ತವೆ ಎಂದರು ಮಾಮು. ನಾವು ಹೊಡೆಯುವ ಎಣ್ಣೆಗೆ, ಅಂದರೆ ಕೀಟನಾಶಕಕ್ಕೆ, ಅವೂ ಸಾಯುತ್ತವೆಯೇ ಎಂದು ನನ್ನನ್ನೇ ಕೇಳಿದರು. ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಜೀವಿಗಳಲ್ಲಿ ಕೆಲವು ಕಾಲುವೆ ನೀರಿನ ಜೊತೆ ಬರುತ್ತವೆ. ಇನ್ನು ಕೆಲವು ಮಣ್ಣಿನಲ್ಲೇ ಇರುತ್ತವೆ. ನೀರಿನ ಚಿಗಟದಂಥವು ಗಟ್ಟಿ ಕವಚದ ಮೊಟ್ಟೆಗಳನ್ನು ಬಿಟ್ಟುಹೋಗುತ್ತವೆ. ಕೆಲವು ರೋಟಿಫರ್‌ಗಳು ತಾವೇ ಒಣಗಿ ನಿದ್ರಿಸುತ್ತವೆ. 1702ರಲ್ಲಿ ಹಾಲೆಂಡಿನ ಲೀವೆನ್‌ಹುಕ್, ಚಾವಣಿಯ ಮಳೆನೀರಿನ ದೋಣಿಯಲ್ಲಿದ್ದ ಒಣ ಧೂಳಿಗೆ ನೀರು ಹಾಕಿ, ಅವು ಎದ್ದು ಓಡಾಡುವುದನ್ನು ಕಂಡರು. ಅವರು ಬಟ್ಟೆ ವ್ಯಾಪಾರಿ! ಸೈಬೀರಿಯಾದಲ್ಲಿ ಸುಮಾರು 24,000 ವರ್ಷ ಹೆಪ್ಪುಗಟ್ಟಿದ್ದ ರೋಟಿಫರ್ ಮತ್ತೆ ಜೀವ ಪಡೆದದ್ದನ್ನು ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು.

ಒಣಗಿದ ಮೊಟ್ಟೆ ನೋಡಿ ಜೀವಿಯ ಹೆಸರು ಹೇಳುವುದು ಕಷ್ಟ. ಅದಕ್ಕೇ ಪರಿಸರ ಡಿಎನ್‌ಎ ವಿಧಾನ. ಗದ್ದೆಯ ಹಲವು ಕಡೆಯಿಂದ ಕೈಗವಸು ಹಾಕಿ ಮಣ್ಣು ತೆಗೆಯುತ್ತಾರೆ. ಜೀವಕೋಶಗಳನ್ನು ಒಡೆದು ಡಿಎನ್‌ಎ ಬೇರ್ಪಡಿಸುತ್ತಾರೆ. ಜೇಡಿಮಣ್ಣು ಡಿಎನ್‌ಎಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಈ ಕೆಲಸ ಸುಲಭವಲ್ಲ. ನಂತರ ಪಿಸಿಆರ್ ಯಂತ್ರದಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ಎರಡರಷ್ಟಾಗುತ್ತದೆ. ನೂರಕ್ಕೆ ನೂರು ಚಕ್ರಬಡ್ಡಿ! ಲೆಕ್ಕದ ಪ್ರಕಾರ ಒಂದು ಪ್ರತಿ 30 ಸುತ್ತುಗಳಲ್ಲಿ 107 ಕೋಟಿಯಾಗುತ್ತದೆ. ಆ ಡಿಎನ್‌ಎಯನ್ನು ಓದಿ, ಈಗಾಗಲೇ ಗೊತ್ತಿರುವ ಜೀವಿಗಳ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಪಟ್ಟಿಯಲ್ಲಿ ಸಿಗದವು ನಮ್ಮ ಸಸ್ಪೆನ್ಸ್ ಅಕೌಂಟ್ ಇದ್ದಂತೆ, ಹೆಸರು ಸಿಗುವವರೆಗೆ ಅಲ್ಲೇ ಇರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸತ್ತ ಜೀವಿಯ ಡಿಎನ್‌ಎ ಕೂಡ ಮಣ್ಣಿನಲ್ಲಿ ಉಳಿದಿರುತ್ತದೆ. ಮಾರ್ಚ್ ಕೊನೆಗೆ ಅಬ್ಬಾ ಅಂಗಡಿಯಲ್ಲಿ ಸ್ಟಾಕ್ ಎಣಿಸುವಾಗ ಪುಸ್ತಕದಲ್ಲಿರುವ ಮಾಲು ಕೆಲವೊಮ್ಮೆ ಕಪಾಟಿನಲ್ಲಿ ಇರುವುದಿಲ್ಲ. ಡಿಎನ್‌ಎ ಅಂಥ ಪುಸ್ತಕ. ಎಣಿಸಿ ನೋಡದೆ ಅದನ್ನಷ್ಟೇ ನಂಬುವಂತಿಲ್ಲ.

ಹಾಗಾಗಿ ಮಾಮು ಪ್ರಶ್ನೆಗೆ ಉತ್ತರ ಬೇಕಾದರೆ ಎಣ್ಣೆ ಹೊಡೆದ ಗದ್ದೆ, ಹೊಡೆಯದ ಗದ್ದೆ ಎರಡರ ಮಣ್ಣನ್ನೂ ಒಂದೇ ದಿನ ತೆಗೆದು ಡಿಎನ್‌ಎ ಹೋಲಿಸಬೇಕು. ಜೊತೆಗೆ ಎರಡೂ ಮಣ್ಣಿಗೆ ನೀರು ಹಾಕಿಟ್ಟು ಎಷ್ಟು ಜೀವಿಗಳು ಏಳುತ್ತವೆ ಎಂದು ಎಣಿಸಬೇಕು. ಅಲ್ಲಿಯವರೆಗೆ "ಎಲ್ಲ ಸತ್ತವು" ಎನ್ನುವುದೂ ತಪ್ಪು, "ಏನೂ ಆಗಿಲ್ಲ" ಎನ್ನುವುದೂ ತಪ್ಪು. ಮಾಮುಗೂ ಇದನ್ನೇ ಹೇಳಿದೆ. ಮುಂದಿನ ಸಲ ನೀರು ಬಿಡುವ ಮೊದಲು ಎರಡು ಡಬ್ಬಿ ಮಣ್ಣು ತೆಗೆದಿಡುತ್ತೇನೆ ಎಂದಿದ್ದಾರೆ. ನಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಲು ವಿಜ್ಞಾನ ವಿಭಾಗದ ಗೆಳೆಯರು ಜೊತೆಯಾದರೆ ಎಣಿಕೆಯ ಕೆಲಸವನ್ನಾದರೂ ನಾವು ಶುರು ಮಾಡಬಹುದು.