ಅಮೃತಬಳ್ಳಿಯೂ ಸಚಿತ್ತತ್ಯಾಗವೂ

ಚಾತುರ್ಮಾಸವು ವ್ರತಗಳ ಕಾಲ. ಮಳೆಯ ಕಾಲವೂ ಹೌದು. ಆ ತೇವದ ದಿನಗಳಲ್ಲಿ ಗಜಕರ್ಣ ಮೊದಲಾದ ಶಿಲೀಂಧ್ರಜನ್ಯ ರೋಗಗಳು ಹೆಚ್ಚುವುವು. ಆಗ ರೋಗನಿರೋಧಕ ಶಕ್ತಿ ಬರಲೆಂದು ಅಮೃತಬಳ್ಳಿಯ ಹಸಿ ಕಾಂಡವನ್ನು ಜಜ್ಜಿ ರಸವನ್ನು ಕುಡಿಯುವ ಶ್ರಾವಕರುಂಟು. ಬೆಳ್ಳುಳ್ಳಿಯನ್ನು ಕಂದವೆಂದು ಬಿಟ್ಟವರಿಗೂ ಈ ಬಳ್ಳಿಯ ವಿಷಯದಲ್ಲಿ ಸಂದೇಹ ಹುಟ್ಟುವುದಿಲ್ಲ. ಹುಟ್ಟಬೇಕು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸಾಧಾರಣ ವನಸ್ಪತಿಗೆ ಹೇಳಿರುವ ಲಕ್ಷಣಗಳಲ್ಲಿ ‘ಛಿನ್ನರುಹ’ ಎಂಬುದೊಂದು. ಎಂದರೆ ಕಡಿದರೂ ಮತ್ತೆ ಬೆಳೆಯುವುದು. ಆಯುರ್ವೇದವು ಅಮೃತಬಳ್ಳಿಗೆ ಕೊಟ್ಟಿರುವ ಹೆಸರುಗಳಲ್ಲಿ ‘ಛಿನ್ನರುಹಾ’ ಎಂಬುದೂ ಇದೆ! ಕಡಿದ ಬಳ್ಳಿಯು ಮರದ ಮೇಲಿನಿಂದಲೇ ದಾರದಂತಹ ಬೇರುಗಳನ್ನು ನೆಲಕ್ಕೆ ಇಳಿಬಿಟ್ಟು ಬದುಕುವುದು. ಶ್ವೇತಾಂಬರರ ಅನಂತಕಾಯಗಳ ಪಟ್ಟಿಯಲ್ಲಿಯೂ ಇದು ಸೇರಿದೆ. ಆದುದರಿಂದ ಹಸಿ ಕಾಂಡವು ಸಚಿತ್ತತ್ಯಾಗಿಗೆ ಸಲ್ಲದು. ಒಣಗಿದುದು ಪ್ರಾಸುಕ, ಹಸಿಶುಂಠಿಯನ್ನು ಬಿಟ್ಟವರು ಒಣಶುಂಠಿಯನ್ನು ಬಳಸುವ ನ್ಯಾಯವೇ ಇಲ್ಲಿಯೂ. ವೈದ್ಯಗ್ರಂಥಗಳು ಹಸಿಯದೇ ಶ್ರೇಷ್ಠವೆನ್ನುವುದು ನಿಜ. ವ್ರತಿಯು ಅಷ್ಟು ಗುಣವನ್ನು ಬಿಟ್ಟುಕೊಡಲು ಸಿದ್ಧನಿರಬೇಕು.

ಈ ಗುಣವಾದರೂ ಎಂತಹುದು? ದೇಹವನ್ನು ಹೊಕ್ಕ ಶಿಲೀಂಧ್ರವನ್ನು ನುಂಗಿ ನಾಶಮಾಡುವುವು ರಕ್ತದ ಕೆಲವು ಬಿಳಿಯ ಕಣಗಳು. ಅಮೃತಬಳ್ಳಿಯ ಕಾಂಡದಲ್ಲಿರುವ ಅರಾಬಿನೊಗ್ಯಾಲಾಕ್ಟನ್ ಮುಂತಾದ ಶರ್ಕರಸಂಯುಕ್ತಗಳು ಇಂತಹ ಭಕ್ಷಕ ಕಣಗಳನ್ನು ಪ್ರಚೋದಿಸುವುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಅವುಗಳಲ್ಲಿ ಇಲಿಗಳ ಮೇಲಿನ ಪ್ರಯೋಗಗಳೂ ಉಂಟೆಂಬುದನ್ನು ನಾವು ಮರೆಯುವಂತಿಲ್ಲ. ಔಷಧವು ಶಿಲೀಂಧ್ರವನ್ನು ನೇರವಾಗಿ ಕೊಲ್ಲದಿದ್ದರೆ ಹಿಂಸೆಯಿಲ್ಲವೆಂಬ ವಾದವೂ ನಿಲ್ಲದು. ಮೂಲಾಚಾರವು ಪಣಕ, ಕವಕಗಳನ್ನು ವನಸ್ಪತಿಕಾಯದಲ್ಲಿಯೇ ಎಣಿಸಿದೆ. ಕೊಲ್ಲುವುದು ಲೇಪವಾದರೂ ರಕ್ತಕಣವಾದರೂ ಜೀವವು ಜೀವವೇ. ಗೃಹಸ್ಥನ ಅಹಿಂಸಾಣುವ್ರತವಾದರೋ ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗ; ರೋಗಚಿಕಿತ್ಸೆಯನ್ನು ಅದು ತಡೆಯದು.

ಕಷಾಯವೊಂದನ್ನೇ ನಂಬಿ ಚಿಕಿತ್ಸೆಯನ್ನು ಬಿಡುವುದು ಅವಿವೇಕ. 2021ರಲ್ಲಿ ಕೊರೋನಾದೊಡನೆ ಹಬ್ಬಿದ ಕಪ್ಪು ಶಿಲೀಂಧ್ರರೋಗಕ್ಕೆ ಆಂಫೊಟೆರಿಸಿನ್ ಔಷಧವೂ ಶಸ್ತ್ರಚಿಕಿತ್ಸೆಯೂ ಬೇಕಾದುವು. ಅದೇ ವರ್ಷ ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ಪ್ರಕಟಿಸಿದರು. ಸಸ್ಯವನ್ನು ಗುರುತಿಸುವುದರಲ್ಲಿ ತಪ್ಪಾಗಿರಬಹುದೆಂದು ಆಯುಷ್ ಸಚಿವಾಲಯವು ಆಕ್ಷೇಪಿಸಿತು. ಏನೇ ಆಗಲಿ, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಸೇವಿಸತಕ್ಕುದಲ್ಲ.

ಇನ್ನು ಉಪವಾಸದ ದಿನ. ಚತುರ್ವಿಧಾಹಾರತ್ಯಾಗ ಮಾಡಿದವರಿಗೆ ಕಷಾಯವೂ ಇಲ್ಲ. ಏಕಾಶನದವರು ಊಟದ ಹೊತ್ತಿನಲ್ಲಿಯೇ ಚೂರ್ಣವನ್ನು ಸೇವಿಸಬಹುದು. ಮಧುಮೇಹಕ್ಕೆ ಮಾತ್ರೆ ನುಂಗುವವರು ಈ ಚೂರ್ಣವನ್ನೂ ಉಪವಾಸವನ್ನೂ ಕೂಡಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಅಂಥವರು ಪ್ರತ್ಯಾಖ್ಯಾನವನ್ನು ತೆಗೆದುಕೊಳ್ಳುವ ಮೊದಲೇ ವೈದ್ಯರಿಗೂ ಗುರುಗಳಿಗೂ ತಿಳಿಸತಕ್ಕದ್ದು.